ಸ್ಟ್ರೀಮ್ ನಿಂತಾಗ ಲಾಗ್ ಎಲ್ಲಿ ಹಾಕಬೇಕು, ಹೇಗೆ ಓದಬೇಕು

ಡೇಟಾ ಸ್ಟ್ರೀಮ್ ಆಗಿ ಒಂದೊಂದೇ ಹರಿದು ಬರುವ ರಿಯಾಕ್ಟಿವ್ ಕೋಡ್‌ನಲ್ಲಿ ಡೇಟಾ ಬರುತ್ತಿಲ್ಲ ಎಂದ ಕೂಡಲೇ ಹೆಚ್ಚಿನವರು, ಪ್ರತಿ ಮೌಲ್ಯ ಬಂದಾಗ ಓಡುವ ಡೂಆನ್‌ನೆಕ್ಸ್ಟ್ ಒಂದನ್ನು ಸೇರಿಸಿ ಮೌಲ್ಯವನ್ನು ಪ್ರಿಂಟ್ ಮಾಡಿಸುತ್ತಾರೆ. ಏನೂ ಪ್ರಿಂಟ್ ಆಗದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಬಾರದ ಮೌಲ್ಯದ ಬಗ್ಗೆ ಮೌಲ್ಯದ ಲಾಗ್ ಏನು ತಾನೇ ಹೇಳೀತು? ಸ್ಟ್ರೀಮ್‌ನಲ್ಲಿ ಓಡಾಡುವುದು ಮೌಲ್ಯಗಳಷ್ಟೇ ಅಲ್ಲ. ಸಬ್‌ಸ್ಕ್ರೈಬ್ ಆದ ಸುದ್ದಿ, ಮೌಲ್ಯ, ಮುಕ್ತಾಯ ಮತ್ತು ಎರರ್ ಮೇಲಿನಿಂದ (ಮೂಲದಿಂದ) ಕೆಳಗೆ (ಸಬ್‌ಸ್ಕ್ರೈಬರ್ ಕಡೆಗೆ) ಬರುತ್ತವೆ. ಇಷ್ಟು ಮೌಲ್ಯ ಬೇಕೆನ್ನುವ ರಿಕ್ವೆಸ್ಟ್ ಮತ್ತು ಇನ್ನು ಬೇಡವೆನ್ನುವ ಕ್ಯಾನ್ಸಲ್ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಈ ಆರನ್ನೂ ನೋಡದೆ ಡಿಬಗ್ ಮಾಡಲು ಹೊರಟರೆ ಊಹೆಯೊಂದೇ ಆಧಾರ.

ಜಾವಾದ ರಿಯಾಕ್ಟಿವ್ ಲೈಬ್ರರಿಯಾದ ಪ್ರಾಜೆಕ್ಟ್ ರಿಯಾಕ್ಟರ್‌ನ ಲಾಗ್ ಆಪರೇಟರ್ ಆರನ್ನೂ ಬರೆಯುತ್ತದೆ. ಅದರ ಔಟ್‌ಪುಟ್‌ನಲ್ಲಿ ಯಾವ ಸಾಲು ಇಲ್ಲ ಎಂಬುದನ್ನು ಮೊದಲು ನೋಡಿ. ಒಂದು ಸಾಲೂ ಇಲ್ಲದಿದ್ದರೆ ಆ ಚೈನ್‌ಗೆ, ಅಂದರೆ ಒಂದರ ಕೆಳಗೊಂದು ಜೋಡಿಸಿದ ಆಪರೇಟರ್‌ಗಳಿಗೆ, ಯಾರೂ ಸಬ್‌ಸ್ಕ್ರೈಬ್ ಆಗಿಲ್ಲ. ಡೂಆನ್‌ನೆಕ್ಸ್ಟ್ ಒಳಗೆ ರೆಪಾಸಿಟರಿಯ ಸೇವ್ ಕರೆದು, ಅದು ಹಿಂದಿರುಗಿಸಿದ ಮೋನೋವನ್ನು (ಹೆಚ್ಚೆಂದರೆ ಒಂದು ಮೌಲ್ಯ ಕೊಡುವ ಸ್ಟ್ರೀಮ್) ಅಲ್ಲೇ ಬಿಟ್ಟರೆ ಹೀಗಾಗುತ್ತದೆ. ಅಲ್ಲಿ ಬೇಕಿದ್ದದ್ದು ಒಳಗಿನ ಸ್ಟ್ರೀಮ್‌ಗೂ ಸಬ್‌ಸ್ಕ್ರೈಬ್ ಆಗುವ ಫ್ಲ್ಯಾಟ್‌ಮ್ಯಾಪ್. ಆಪರೇಟರ್ ಇದ್ದ ಸ್ಟ್ರೀಮ್ ಅನ್ನು ಬದಲಿಸುವುದಿಲ್ಲ, ಹೊಸದನ್ನು ಕೊಡುತ್ತದೆ. ಆ ಹೊಸದನ್ನು ಬಳಸದೆ ಹಳೆಯದಕ್ಕೇ ಸಬ್‌ಸ್ಕ್ರೈಬ್ ಆದರೂ ನಿಮ್ಮ ಲಾಗ್ ಕಾಣುವುದಿಲ್ಲ.

ಆನ್‌ಸಬ್‌ಸ್ಕ್ರೈಬ್ ಇದೆ, ರಿಕ್ವೆಸ್ಟ್ ಇಲ್ಲ ಎಂದರೆ ಕೆಳಗಿನವರು ಡೇಟಾ ಕೇಳಿಯೇ ಇಲ್ಲ. ನಮ್ಮದೇ ಸಬ್‌ಸ್ಕ್ರೈಬರ್ ಬರೆಯಲು ಬಳಸುವ ಬೇಸ್‌ಸಬ್‌ಸ್ಕ್ರೈಬರ್ ಕ್ಲಾಸ್‌ನ ಹುಕ್‌ಆನ್‌ಸಬ್‌ಸ್ಕ್ರೈಬ್ ಅನ್ನು ಓವರ್‌ರೈಡ್ ಮಾಡಿ ಅದರೊಳಗೆ ರಿಕ್ವೆಸ್ಟ್ ಕರೆಯದಿದ್ದರೆ ಸ್ಟ್ರೀಮ್ ಎಷ್ಟು ಹೊತ್ತಾದರೂ ಹಾಗೇ ಕೂತಿರುತ್ತದೆ. ರಿಕ್ವೆಸ್ಟ್ ಆದ ಮೇಲೆ ಮೌಲ್ಯವಿಲ್ಲದೆ ನೇರ ಆನ್‌ಕಂಪ್ಲೀಟ್ ಬಂದರೆ ಲಾಗ್‌ನ ಮೇಲಿನ ಸ್ಟ್ರೀಮ್ ಖಾಲಿ. ಖಾಲಿ ಮೋನೋದ ಕೆಳಗಿರುವ ಫ್ಲ್ಯಾಟ್‌ಮ್ಯಾಪ್ ಓಡುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಖಾಲಿ ಬರುವುದು ತಪ್ಪು ಎಂದಿರುವ ಕಡೆ ಸ್ವಿಚ್‌ಇಫ್‌ಎಂಪ್ಟಿ ಹಾಕಿ ಎರರ್ ಎಬ್ಬಿಸಿ. ಅದಕ್ಕೆ ಕೊಡುವ ಮೆಥಡ್ ಕರೆ ಚೈನ್ ಕಟ್ಟುವಾಗಲೇ ನಡೆದುಬಿಡುತ್ತದೆ. ಬೇಕಾದಾಗ ಮಾತ್ರ ನಡೆಯಬೇಕಿದ್ದರೆ ಮೋನೋ ಡಿಫರ್‌ನಲ್ಲಿ ಸುತ್ತಬೇಕು.

ಕ್ಯಾನ್ಸಲ್ ಸಾಲು ಕಂಡರೆ ಕೆಳಗೆ ನೋಡಿ. ಟೇಕ್, ಟೈಮ್‌ಔಟ್, ಸ್ವಿಚ್‌ಮ್ಯಾಪ್, ಸಂಪರ್ಕ ಕಡಿದುಕೊಂಡ ಕ್ಲೈಂಟ್, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಕಾರಣವಾಗಿರುತ್ತದೆ.

ರಿಕ್ವೆಸ್ಟ್‌ನ ಅಂಕಿಗಳನ್ನೂ ಓದಲು ಕಲಿಯಬೇಕು. ಕೆಲಸವನ್ನು ಬೇರೆ ಥ್ರೆಡ್‌ಗೆ ದಾಟಿಸುವ ಪಬ್ಲಿಷ್‌ಆನ್‌ನ ಮೇಲೆ ಲಾಗ್ ಹಾಕಿದರೆ ಮೊದಲು 256, ಆಮೇಲೆ ಮತ್ತೆ ಮತ್ತೆ 192 ಕಾಣುತ್ತದೆ. ಇದು ದೋಷವಲ್ಲ: ಮೊದಲೇ ತರಿಸಿಕೊಂಡ 256ರಲ್ಲಿ ಮುಕ್ಕಾಲು ಪಾಲು ಖರ್ಚಾದಾಗ ಅಷ್ಟನ್ನು ಮತ್ತೆ ಕೇಳುತ್ತದೆ. ಫ್ಲ್ಯಾಟ್‌ಮ್ಯಾಪ್ ಕೂಡ ಮೊದಲು 256 ಕೇಳುತ್ತದೆ, ಏಕೆಂದರೆ ಡೀಫಾಲ್ಟ್ ಆಗಿ ಅದು ಒಮ್ಮೆಗೆ ಅಷ್ಟು ಒಳ ಸ್ಟ್ರೀಮ್‌ಗಳನ್ನು ನಡೆಸಬಲ್ಲದು. ಒಂದು ಮುಗಿದರೆ ಒಂದನ್ನು ಕೇಳುತ್ತದೆ. ಇದು ಗೊತ್ತಿದ್ದರೆ, ಮೌಲ್ಯಗಳನ್ನು ಗುಂಪಿಗೊಂದು ಸ್ಟ್ರೀಮ್ ಆಗಿ ಒಡೆಯುವ ಗ್ರೂಪ್‌ಬೈ ಕೆಳಗೆ ಫ್ಲ್ಯಾಟ್‌ಮ್ಯಾಪ್ ಇಟ್ಟ ಸ್ಟ್ರೀಮ್ ಹ್ಯಾಂಗ್ ಆಗುವುದೇಕೆಂದು ಅರ್ಥವಾಗುತ್ತದೆ. ಗುಂಪುಗಳು 256ಕ್ಕಿಂತ ಹೆಚ್ಚಾದರೆ ಮುಂದಿನವಕ್ಕೆ ಜಾಗವಿಲ್ಲ. ಮೂಲ ಮುಗಿಯದೆ ಹಳೆಯ ಗುಂಪುಗಳೂ ಮುಗಿಯುವುದಿಲ್ಲ. ಟೆಸ್ಟ್ ಡೇಟಾದಲ್ಲಿ ಹತ್ತಿಪ್ಪತ್ತು ಗುಂಪುಗಳಷ್ಟೇ ಇದ್ದರೆ ಈ ತೊಂದರೆ ಸುಳಿಯುವುದೇ ಇಲ್ಲ.

ಇನ್ನು ಜಾಗದ ಪ್ರಶ್ನೆ. ಲಾಗ್ ಹೇಳುವುದು ತಾನು ಕೂತ ಜಾಗದ ಸಂಗತಿ ಮಾತ್ರ. ಅನುಮಾನವಿರುವ ಭಾಗದ ಮೇಲೊಂದು, ಕೆಳಗೊಂದು ಹಾಕಿ, ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಹೆಸರಿಲ್ಲದಿದ್ದರೆ ಆಪರೇಟರ್‌ನ ಹೆಸರಿಗೆ ಒಂದು ಸಂಖ್ಯೆ ಅಂಟಿಸಿದ ಗುರುತು ಬರುತ್ತದೆ, ಹತ್ತು ಲಾಗ್‌ಗಳಲ್ಲಿ ಯಾವುದು ಎಲ್ಲಿಯದು ತಿಳಿಯುವುದಿಲ್ಲ. ಮೇಲೆ ಮೌಲ್ಯವಿದ್ದು ಕೆಳಗಿಲ್ಲದಿದ್ದರೆ ನಡುವೆ ಕಳೆದಿದೆ. ಎರಡರಲ್ಲೂ ಇದ್ದರೆ ಕೆಳಕ್ಕೆ ಸರಿಯಿರಿ. ಉದ್ದದ ಚೈನ್ ಕೂಡ ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಬೇಗ ಸಿಗುತ್ತದೆ. ಥ್ರೆಡ್‌ನ ಹೆಸರನ್ನೂ ಲಾಗ್ ಪ್ಯಾಟರ್ನ್‌ನಲ್ಲಿ ಇಡಿ. ಪಬ್ಲಿಷ್‌ಆನ್ ತನ್ನ ಕೆಳಗಿನ ಸಂಕೇತಗಳ ಥ್ರೆಡ್ ಬದಲಿಸುತ್ತದೆ. ಸಬ್‌ಸ್ಕ್ರೈಬ್‌ಆನ್ ಸಬ್‌ಸ್ಕ್ರಿಪ್ಷನ್ ನಡೆಯುವ ಥ್ರೆಡ್ ಬದಲಿಸಿ ಮೂಲವನ್ನು ತಲುಪುತ್ತದೆ. ಕಾಯುತ್ತ ಕೂರಬಾರದ ಪ್ಯಾರಲಲ್ ಥ್ರೆಡ್‌ನಲ್ಲಿ, ಉತ್ತರ ಬರುವವರೆಗೆ ಥ್ರೆಡ್ ಅನ್ನು ತಡೆದು ನಿಲ್ಲಿಸುವ ಡೇಟಾಬೇಸ್‌ನ ಬ್ಲಾಕಿಂಗ್ ಕರೆ ನಡೆಯುತ್ತಿದೆ ಎಂಬ ಅನುಮಾನವಿದ್ದರೆ ಟೆಸ್ಟ್‌ಗಳಲ್ಲಿ ಬ್ಲಾಕ್‌ಹೌಂಡ್ ಹಾಕಿ. ಅದು ಅಂಥ ಕರೆ ಕಂಡಲ್ಲೇ ಎರರ್ ಎಸೆಯುತ್ತದೆ.

ಲಾಗ್ ಮಾಡುವ ಕೋಡೇ ಸ್ಟ್ರೀಮ್ ಅನ್ನು ಕೊಲ್ಲಬಹುದು. ಡೂಆನ್‌ನೆಕ್ಸ್ಟ್‌ನಲ್ಲಿ ಎಕ್ಸೆಪ್ಷನ್ ಬಂದರೆ ಮೂಲ ಕ್ಯಾನ್ಸಲ್ ಆಗಿ ಕೆಳಕ್ಕೆ ಎರರ್ ಹೋಗುತ್ತದೆ. ಆಬ್ಜೆಕ್ಟ್‌ನ ಒಳಗಿನ ನಲ್ ಫೀಲ್ಡ್ ಒಂದನ್ನು ಪ್ರಿಂಟ್ ಮಾಡಲು ಹೋಗಿಯೇ ಇಷ್ಟಾಗುವುದುಂಟು.

ಎರರ್ ಬಂದಾಗ ಸಿಗುವ ಸ್ಟ್ಯಾಕ್ ಟ್ರೇಸ್‌ನಲ್ಲಿ ಹೆಚ್ಚಿನದು ಲೈಬ್ರರಿಯ ಒಳಗಿನ ಕ್ಲಾಸ್‌ಗಳೇ. ಚೈನ್ ಕಟ್ಟಿದ ಸಮಯ ಬೇರೆ, ಓಡಿದ ಸಮಯ ಬೇರೆ. ಕಟ್ಟಿದ ಸಾಲಿನ ಗುರುತು ಓಡುವಾಗ ಉಳಿದಿರುವುದಿಲ್ಲ. ಹುಕ್ಸ್ ಆನ್‌ಆಪರೇಟರ್‌ಡಿಬಗ್ ಅದನ್ನು ಉಳಿಸುತ್ತದೆ, ಆದರೆ ಪ್ರತಿ ಆಪರೇಟರ್‌ಗೂ ಟ್ರೇಸ್ ಹಿಡಿಯುವುದರಿಂದ ದುಬಾರಿ. ಅದು ಡೆವಲಪ್‌ಮೆಂಟ್‌ಗೆ ಸಾಕು, ಮತ್ತು ಚೈನ್‌ಗಳು ಕಟ್ಟಲ್ಪಡುವ ಮುನ್ನವೇ ಅದನ್ನು ಕರೆದಿರಬೇಕು. ಪ್ರೊಡಕ್ಷನ್‌ಗೆ ರಿಯಾಕ್ಟರ್ ಡಿಬಗ್ ಏಜೆಂಟ್ ಇದೆ. ಬೈಟ್‌ಕೋಡ್‌ನಲ್ಲೇ ಸಾಲಿನ ಮಾಹಿತಿ ಸೇರಿಸುವುದರಿಂದ ಆ ಹೊರೆ ಇಲ್ಲ. ಮುಖ್ಯ ಜಾಗಗಳಲ್ಲಿ ವಿವರಣೆ ಕೊಟ್ಟ ಚೆಕ್‌ಪಾಯಿಂಟ್ ಆಪರೇಟರ್ ಕೂಡ ಅಗ್ಗ. ವಿವರಣೆ ಕೊಡದಿದ್ದರೆ ಅದೂ ಪೂರ್ತಿ ಟ್ರೇಸ್ ಹಿಡಿಯುತ್ತದೆ. ಈ ಮಾಹಿತಿಯೆಲ್ಲ ಮೂಲ ಎಕ್ಸೆಪ್ಷನ್‌ಗೆ ಅಂಟಿಕೊಂಡ ಸಪ್ರೆಸ್ಡ್ ಎಕ್ಸೆಪ್ಷನ್ ಆಗಿ ಬರುತ್ತದೆ. ಆದ್ದರಿಂದ ಎರರ್‌ನ ಮೆಸೇಜ್ ಮಾತ್ರ ಲಾಗ್ ಮಾಡಿದರೆ ಎಲ್ಲವೂ ಹೋಯಿತು. ಎಕ್ಸೆಪ್ಷನ್ ಆಬ್ಜೆಕ್ಟ್ ಅನ್ನೇ ಲಾಗರ್‌ಗೆ ಕೊಡಿ. ಆನ್‌ಎರರ್‌ರೆಸ್ಯೂಮ್‌ನಲ್ಲಿ ಖಾಲಿ ಮೋನೋ ಹಿಂದಿರುಗಿಸುವಾಗಲಂತೂ ಅದಕ್ಕೆ ಮುಂಚೆ ಲಾಗ್ ಮಾಡಲೇಬೇಕು.

ಸರ್ವರ್‌ಗೆ ಬಂದ ಕೋರಿಕೆಯ ಗುರುತಾದ ರಿಕ್ವೆಸ್ಟ್ ಐಡಿಯನ್ನು ಎಂಡಿಸಿಯಲ್ಲಿಟ್ಟು (ಲಾಗ್ ಸಾಲುಗಳಿಗೆ ಸೇರಿಸುವ ಮಾಹಿತಿಯನ್ನು ಲಾಗಿಂಗ್ ಲೈಬ್ರರಿ ಇಡುವ ಜಾಗ) ಪ್ರತಿ ಸಾಲಿನಲ್ಲೂ ತೋರಿಸುವ ರೂಢಿ ಇಲ್ಲಿ ಅಪಾಯಕಾರಿ. ಎಂಡಿಸಿ ಥ್ರೆಡ್‌ಗೆ ಅಂಟಿಕೊಂಡಿರುತ್ತದೆ, ಕೆಲಸ ಥ್ರೆಡ್‌ನಿಂದ ಥ್ರೆಡ್‌ಗೆ ಹಾರುತ್ತದೆ. ಐಡಿ ಕಾಣೆಯಾದರೆ ಗೊತ್ತಾಗುತ್ತದೆ; ಇನ್ನೊಬ್ಬರ ಐಡಿ ಬಂದು ಕೂತರೆ ತನಿಖೆ ದಾರಿ ತಪ್ಪುತ್ತದೆ. ಐಡಿಯನ್ನು, ಥ್ರೆಡ್‌ಗಲ್ಲದೆ ಸಬ್‌ಸ್ಕ್ರಿಪ್ಷನ್‌ಗೆ ಅಂಟಿಕೊಂಡಿರುವ ರಿಯಾಕ್ಟರ್ ಕಾಂಟೆಕ್ಸ್ಟ್‌ನಲ್ಲಿಡಿ. ಕಾಂಟೆಕ್ಸ್ಟ್ ಕೆಳಗಿನಿಂದ ಮೇಲಕ್ಕೆ ಹೋಗುವುದರಿಂದ ಕಾಂಟೆಕ್ಸ್ಟ್‌ರೈಟ್ ಚೈನ್‌ನ ಕೊನೆಯಲ್ಲಿರಬೇಕು. ಅದರ ಕೆಳಗಿನ ಆಪರೇಟರ್‌ಗಳಿಗೆ ಐಡಿ ಕಾಣದು. ರಿಯಾಕ್ಟರ್ 3.5.3ರಿಂದ ಸ್ವಯಂಚಾಲಿತ ಕಾಂಟೆಕ್ಸ್ಟ್ ಪ್ರಸರಣದ ಹುಕ್ ಇದೆ. ಅದಕ್ಕೆ ಮೈಕ್ರೋಮೀಟರ್‌ನ ಕಾಂಟೆಕ್ಸ್ಟ್ ಪ್ರಾಪಗೇಷನ್ ಲೈಬ್ರರಿಯೂ, ಎಂಡಿಸಿಯ ಕೀಗೆ ನೋಂದಾಯಿಸಿದ ಥ್ರೆಡ್‌ಲೋಕಲ್ ಆಕ್ಸೆಸರ್ (ಥ್ರೆಡ್‌ನಲ್ಲಿರುವ ಮೌಲ್ಯವನ್ನು ಓದಿ ಬರೆಯುವ ಕೋಡ್) ಕೂಡ ಬೇಕು. ಎರಡನೆಯದನ್ನು ಮರೆತರೆ ಹುಕ್ ಆನ್ ಮಾಡಿದರೂ ಐಡಿ ಕಾಣಿಸುವುದಿಲ್ಲ.

ಜಾವಾಸ್ಕ್ರಿಪ್ಟ್‌ನ ರಿಯಾಕ್ಟಿವ್ ಲೈಬ್ರರಿಯಾದ ಆರ್‌ಎಕ್ಸ್‌ಜೆಎಸ್ ಬಳಸುವವರಿಗೆ, ಮೌಲ್ಯ ಬದಲಿಸದೆ ಇಣುಕಿ ನೋಡುವ ಟ್ಯಾಪ್ ಇದೆ. 7.3ರಿಂದ ಅದಕ್ಕೆ ಸಬ್‌ಸ್ಕ್ರೈಬ್, ಅನ್‌ಸಬ್‌ಸ್ಕ್ರೈಬ್, ಫೈನಲೈಸ್ ಕಾಲ್‌ಬ್ಯಾಕ್‌ಗಳನ್ನೂ ಕೊಡಬಹುದು. ಬ್ರೌಸರ್ ಕನ್ಸೋಲ್‌ನಲ್ಲಿ ಆಬ್ಜೆಕ್ಟ್ ಬಿಡಿಸಿ ನೋಡಿದಾಗ ಕಾಣುವುದು ಲಾಗ್ ಆದ ಗಳಿಗೆಯ ಸ್ಥಿತಿಯಲ್ಲ, ಬಿಡಿಸಿದ ಗಳಿಗೆಯದು. ಆಬ್ಜೆಕ್ಟ್ ನಡುವೆ ಬದಲಾಗಬಹುದಾದರೆ ಪ್ರತಿ ತೆಗೆದು ಲಾಗ್ ಮಾಡಿ.

ಪ್ರೊಡಕ್ಷನ್‌ನಲ್ಲಿ ಪ್ರತಿ ಮೌಲ್ಯವನ್ನೂ ಬರೆಯಬೇಡಿ. ಡಿಸ್ಕ್‌ಗೆ ಬರೆಯುವವರೆಗೆ ಥ್ರೆಡ್ ಕಾಯಬೇಕಾದರೆ ಸ್ಟ್ರೀಮ್ ನಿಧಾನವಾಗುತ್ತದೆ, ಸಮಯ ಹೊಂದದೆ ಬರುವ ದೋಷ ಲಾಗ್ ಹಾಕಿದೊಡನೆ ಮಾಯವಾಗಲೂಬಹುದು. ಜನರ ಖಾಸಗಿ ಮಾಹಿತಿ ಫೈಲ್ ಸೇರುವುದೂ ಈ ದಾರಿಯಲ್ಲೇ. ಲಾಗ್ ಆಪರೇಟರ್‌ಗೆ ಯಾವ ಸಂಕೇತಗಳು ಬೇಕೆಂದು ಹೇಳಬಹುದು: ಎರರ್, ಕ್ಯಾನ್ಸಲ್, ಕಂಪ್ಲೀಟ್ ಇಟ್ಟುಕೊಂಡು ಮೌಲ್ಯಗಳ ಎಣಿಕೆಯನ್ನು ಮೆಟ್ರಿಕ್ಸ್‌ಗೆ ಬಿಡಿ.

ದೋಷದ ಜಾಗ ಸಿಕ್ಕ ಮೇಲೆ ಅದನ್ನು ರಿಯಾಕ್ಟರ್‌ನ ಟೆಸ್ಟ್ ಸಾಧನವಾದ ಸ್ಟೆಪ್‌ವೆರಿಫೈಯರ್‌ನ ಟೆಸ್ಟ್ ಆಗಿ ಬರೆದಿಡಿ. ಟೈಮ್‌ಔಟ್, ಡಿಲೇ ಇರುವ ಚೈನ್‌ಗೆ ವರ್ಚುವಲ್ ಟೈಮ್ (ನಿಜವಾಗಿ ಕಾಯದೆ ಮುಂದೆ ತಳ್ಳಬಹುದಾದ ಕೃತಕ ಕಾಲ) ಬಳಸುವಾಗ ಸ್ಟ್ರೀಮ್ ಅನ್ನು ಲ್ಯಾಂಬ್ಡಾದ ಒಳಗೇ ಕಟ್ಟಬೇಕು. ಹೊರಗೆ ಕಟ್ಟಿದ ಸ್ಟ್ರೀಮ್ ನಿಜವಾದ ಗಡಿಯಾರದ ಶೆಡ್ಯೂಲರ್ ಹಿಡಿದುಕೊಂಡಿರುತ್ತದೆ, ಕಾಲವನ್ನು ಮುಂದೆ ತಳ್ಳಿದರೂ ಅದಕ್ಕೆ ತಾಗುವುದಿಲ್ಲ.