‘ಒಂದೂವರೆ ಲಕ್ಷ ಅಷ್ಟೇ ಅಕ್ಕಾ’

ದಾವಣಗೆರೆಯಿಂದ ಒಬ್ಬರು ಬಂದಿದ್ದರು, ಬಳೆ ಅಡ ಇಡೋಕೆ ಯಾವ ಬ್ಯಾಂಕಲ್ಲಿ ಬಡ್ಡಿ ಕಮ್ಮಿ ಅಂತ ಕೇಳೋಕೆ. ಅವರ ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಸಂಬಳ 52 ಸಾವಿರ. ಬೈಕು, ಐಫೋನು, ಗೋವಾ ಟ್ರಿಪ್ಪು ಎಲ್ಲ ನೋಡಿ ಮನೆಯವರಿಗೆ ಮೊದಮೊದಲು ಖುಷಿಯೇ ಆಗಿತ್ತು. ಆಮೇಲೆ ಪ್ರತಿ ತಿಂಗಳು 20ನೇ ತಾರೀಕಿಗೆಲ್ಲ ‘ಅಕ್ಕಾ, ಐದು ಸಾವಿರ ಹಾಕು, ಸಂಬಳ ಆದ ತಕ್ಷಣ ಕೊಡ್ತೀನಿ’ ಶುರುವಾಯಿತು. ಈಗ ಒಂದೂವರೆ ಲಕ್ಷ ಸಾಲ ಇದೆ, ಅಷ್ಟೇ, ಅದೊಂದು ತೀರಿದರೆ ಮುಗೀತು ಅಂತಿದ್ದಾನಂತೆ.

ಬಳೆ ಕೈಯಲ್ಲೇ ಇರಲಿ ಅಂದೆ.

31 ವರ್ಷ ಬ್ಯಾಂಕಿನಲ್ಲಿ ಇದ್ದವನು ನಾನು, ಅದರಲ್ಲಿ ಅರ್ಧ ಸಾಲದ ವಿಭಾಗದಲ್ಲೇ ಕಳೆಯಿತು. ಸಾಲಗಾರ ಮೊದಲು ಹೇಳುವ ಮೊತ್ತ ಕೊನೆಗೆ ಸರಿಯಾಗಿದ್ದು ನಾನು ನೋಡಿದ್ದು ತೀರಾ ಅಪರೂಪ. ಸುಳ್ಳು ಹೇಳ್ತಾನೆ ಅಂತಲ್ಲ. ಯಾರು ದಿನಾ ಫೋನ್ ಮಾಡಿ ಪೀಡಿಸುತ್ತಾರೋ ಅವರ ಸಾಲ ಮಾತ್ರ ಅವನ ತಲೆಯಲ್ಲಿರುತ್ತದೆ, ಸದ್ಯಕ್ಕೆ ಸುಮ್ಮನಿರೋರದ್ದು ಮರೆತೇ ಹೋಗಿರುತ್ತದೆ.

ಹಾಗಾಗಿ ಮೊದಲು ಅವನ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲಗಳ ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಎಲ್ಲರ ಸಾಲದ ಲೆಕ್ಕ ಇಡುವ ನಾಲ್ಕು ಕಂಪನಿಗಳಿವೆ, ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಎಲ್ಲರೂ ಸ್ಕೋರ್ ನೋಡಿ ಗಾಬರಿ ಬೀಳ್ತಾರೆ, ಅದನ್ನು ಬಿಡಿ. ಕೆಳಗಡೆ ಯಾವ ಸಾಲ, ಎಷ್ಟು ಬಾಕಿ, ಎಷ್ಟು ದಿನ ತಡ ಅಂತ ಸಾಲಾಗಿ ಇರುತ್ತದಲ್ಲ, ಅದು ಬೇಕು. ಒಟಿಪಿ ಅವನ ಮೊಬೈಲಿಗೇ ಬರುತ್ತದೆ, ಕದ್ದು ತೆಗೆಯೋಕೆ ಹೋಗಬೇಡಿ, ಅವನ ಕೈಯಲ್ಲೇ ತೆಗೆಸಿ. ಗೆಳೆಯರ ಕೈಸಾಲ, ಚೀಟಿ ಬಾಕಿ ಇದರಲ್ಲಿ ಬರೋದಿಲ್ಲ, ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳುವಾಗ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಬೇಡ ದಯವಿಟ್ಟು, ಅಪ್ಪನ ಎದುರು ಪಂಚಾಯಿತಿಯೂ ಬೇಡ. ಬೈದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ ಅಷ್ಟೇ.

ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ‘ಪ್ರತಿ ತಿಂಗಳೂ ಸರಿಯಾಗಿ ಕಟ್ತಾ ಇದ್ದೀನಲ್ಲ’ ಅನ್ನೋ ಹುಡುಗರೆಲ್ಲ ಕಟ್ಟುತ್ತಿರುವುದು ಇದನ್ನೇ. ಒಂದು ಲಕ್ಷ ಬಾಕಿ ಇದೆ, ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂತಿಟ್ಟುಕೊಳ್ಳಿ. ಬಡ್ಡಿ 3,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 630. ಅವನು 5,000 ಕಟ್ಟಿದರೆ ಅಸಲಿಗೆ ಹೋಗೋದು 870 ರೂಪಾಯಿ! ಜೊತೆಗೆ ಪೂರ್ತಿ ಬಿಲ್ ಕಟ್ಟದೇ ಇದ್ದಾಗ ಹೊಸದಾಗಿ ಉಜ್ಜಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ಚಿನ್ನದ ಸಾಲಕ್ಕೆ ಸರ್ಕಾರಿ ಬ್ಯಾಂಕಲ್ಲಿ ವರ್ಷಕ್ಕೆ 9-10 ಪರ್ಸೆಂಟಿನ ಆಸುಪಾಸು, ಕಾರ್ಡಿಗೆ 42. ಲೆಕ್ಕದ ಪ್ರಕಾರ ಬಳೆ ಇಟ್ಟು ಕಾರ್ಡು ತೀರಿಸೋದೇ ಸರಿ ಅಲ್ವಾ? ಸರಿಯೇ, ಆದರೆ ಕಾರ್ಡು ಬಂದ್ ಆಗೋದಾದರೆ ಮಾತ್ರ. ಇಲ್ಲದಿದ್ದರೆ ಆರು ತಿಂಗಳಲ್ಲಿ ಕಾರ್ಡು ಮತ್ತೆ ತುಂಬಿರುತ್ತದೆ, ಬಳೆಯೂ ಬ್ಯಾಂಕಲ್ಲೇ ಇರುತ್ತದೆ. ದುಡ್ಡು ಅವನ ಕೈಗೆ ಕೊಡಬೇಡಿ, ನೇರ ಸಾಲದ ಖಾತೆಗೆ ಕಟ್ಟಿ. ಬಾಕಿ ತೀರಿಸಿ ಕಾರ್ಡು ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಬ್ಯಾಂಕಿನ ಮೇಲೆಯೇ ಬೀಳುತ್ತದೆ. ‘ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ’ ಅಂತ ಬ್ಯಾಂಕಿನವರು ಅಂದರೆ ಯೋಚಿಸಿ ಒಪ್ಪಿ, ವರದಿಯಲ್ಲಿ ‘ಸೆಟಲ್ಡ್’ ಅಂತ ಬೀಳುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಎಲ್ಲ ಸಾಲ ಒಂದು ಮಾಡ್ತೀನಿ, ನೀನು ಜಾಮೀನು ಹಾಕು ಅಂತಾನೆ. ಬೇಡ. ‘ಸುಮ್ನೆ ಒಂದು ಸಹಿ’ ಅನ್ನೋದೆಲ್ಲ ಸುಳ್ಳು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಅವನಿಗೆಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಆದರೆ ನೀವು ಸಹಿಯನ್ನೇ ಹಾಕಿಲ್ಲದಿದ್ದರೆ, ಅಕ್ಕ ಅನ್ನೋ ಒಂದೇ ಕಾರಣಕ್ಕೆ ನಿಮ್ಮನ್ನು ಯಾರೂ ಕೇಳುವ ಹಾಗಿಲ್ಲ. ಲೋನ್ ಆ್ಯಪಿನವರು ನಿಮಗೇ ಫೋನ್ ಮಾಡಿ ಹೆದರಿಸುತ್ತಿದ್ದರೆ ಕಟ್ಟಬೇಡಿ, ರೆಕಾರ್ಡ್ ಮಾಡಿಕೊಳ್ಳಿ. ಸಾಲ ಕೊಡುವ ಆ್ಯಪು ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಬೆದರಿಕೆ ಮಿತಿ ಮೀರಿದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ಅಕ್ಕ ಮುಂದಿನ ಭಾನುವಾರ ತಮ್ಮನನ್ನೇ ಕರೆದುಕೊಂಡು ಬಂದರು. ಅಲ್ಲೇ ಕೂತು ವರದಿ ತೆಗೆದ. ಒಂಬತ್ತು ಸಾಲ, 4 ಲಕ್ಷ 80 ಸಾವಿರ. ಒಂದರ ಮೇಲೆ ಬೆರಳಿಟ್ಟು ‘ಇದು ಯಾವುದು ಅಂತ ನನಗೇ ನೆನಪಿಲ್ಲ ಸರ್’ ಅಂದ. ಅಕ್ಕ ಬೈಯಲಿಲ್ಲ, ಬೈಯಬೇಡಿ ಅಂತ ಮೊದಲೇ ಹೇಳಿದ್ದೆ, ಪಾಪ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಎರಡು ಬಳೆ ಇಟ್ಟು ಕಾರ್ಡು ಮಾತ್ರ ಮುಚ್ಚಿದರು. ಉಳಿದದ್ದನ್ನು ಅವನೇ ಕಟ್ಟುತ್ತಿದ್ದಾನೆ. ಬೈಕು ಮಾರಿದ. ಐಫೋನ್ ಇನ್ನೂ ಇದೆ, ಅದರ ಕಂತು ಮಾರ್ಚ್‌ಗೆ ಮುಗಿಯುತ್ತಂತೆ.