ಮಧ್ಯಾಹ್ನ ಎರಡೂವರೆಯ ಕತ್ತಿ

ನಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುವವರು ಬೆಳಿಗ್ಗೆ ಎಂಟಕ್ಕೆ ಬಂದು ಕೂತರೆ ಸಂಜೆ ಐದರವರೆಗೂ ಅದೇ ಭಂಗಿ. ಮಣೆಗೆ ನಿಲ್ಲಿಸಿದ ಕತ್ತಿ, ಒಂದು ಪಕ್ಕದಲ್ಲಿ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿದ ಅಡಿಕೆಯ ರಾಶಿ, ಇನ್ನೊಂದು ಪಕ್ಕದಲ್ಲಿ ಬುಟ್ಟಿ, ಎದುರಿಗೆ ಸಿಪ್ಪೆಯ ಗುಡ್ಡೆ. ಕತ್ತಿಯ ಮೇಲೆ ಒಂದು ಒತ್ತು, ಒಂದು ತಿರುವು. ಅಡಿಕೆ ಬುಟ್ಟಿಗೆ, ಸಿಪ್ಪೆ ಗುಡ್ಡೆಗೆ. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಕೈ ನಿಲ್ಲುವುದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈಚೆಗಿರುವ ನಮ್ಮ ಮನೆಯಲ್ಲಿ ಒಂದು ಫೆಬ್ರವರಿ ಮಧ್ಯಾಹ್ನ, ಊಟ ಮುಗಿದು ಎರಡೂವರೆಯ ಹೊತ್ತಿಗೆ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನೆರೆಮನೆಯ ಅಕ್ಕನ ಕೈಯ ಲಯ ತಪ್ಪಿತು. ನಾನು ಎದುರಿಗೇ ಕೂತು ಹಾಳು ಅಡಿಕೆ ಹೆಕ್ಕುತ್ತಿದ್ದೆ. ಅವರ ಕಣ್ಣು ಪೂರ್ತಿ ಮುಚ್ಚಿರಲಿಲ್ಲ, ರೆಪ್ಪೆ ಅರ್ಧಕ್ಕೆ ಇಳಿದಿತ್ತು ಅಷ್ಟೆ. ಅಡಿಕೆ ಇರಬೇಕಾದ ಜಾಗದಲ್ಲಿ ಹೆಬ್ಬೆರಳಿತ್ತು. ನಾಲ್ಕು ಹೊಲಿಗೆ ಬಿತ್ತು. ಗಾಯ ಕಟ್ಟಿಸಿಕೊಂಡು ಬಂದವರು ಹೇಳಿದರು: "ನಿದ್ದೆ ಎಲ್ಲ ಬಂದದ್ದಲ್ಲ ಮಾರಾಯ್ರೆ, ಸುಮ್ಮನೆ ಕೈ ಜಾರಿತು."

ಅವರು ಸುಳ್ಳು ಹೇಳಲಿಲ್ಲ. ತನಗೆ ನಿದ್ದೆ ಬಂದಿತ್ತೆಂಬುದು ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಆ ದಿನದಿಂದ ನನ್ನನ್ನು ಬಿಡದೆ ಕಾಡಿದ್ದು ಇದೇ. ತೂಕಡಿಕೆ ಸೋಮಾರಿತನವಲ್ಲ ಎಂದು ಒಪ್ಪುವವರು ಹಲವರಿದ್ದಾರೆ. ಆದರೆ ತನಗೆಷ್ಟು ನಿದ್ದೆ ಬಂದಿದೆ ಎಂದು ಅಳೆಯುವ ಶಕ್ತಿಯನ್ನೇ ನಿದ್ದೆ ಮೊದಲು ಕಸಿದುಕೊಳ್ಳುತ್ತದೆ ಎಂಬುದು ದುಡಿಯುವ ಜನರಿಗೆ ಇನ್ನೂ ತಲುಪಿಲ್ಲ.

ಎಚ್ಚರ ಎನ್ನುವುದು ಮನಸ್ಸು ಗಟ್ಟಿ ಮಾಡಿಕೊಂಡರೆ ಸಿಗುವಂಥದ್ದಲ್ಲ. ಅದರ ಹಿಂದೆ ಎರಡು ಲೆಕ್ಕಗಳಿವೆ. 1982ರಲ್ಲಿ ಜ್ಯೂರಿಚ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ ಇವೆರಡನ್ನೂ ಒಟ್ಟಿಗಿಟ್ಟು ತೋರಿಸಿದರು.

ಮೊದಲನೆಯದು ಸಿಪ್ಪೆಯ ಗುಡ್ಡೆಯ ಲೆಕ್ಕ. ಮಿದುಳಿನ ಜೀವಕೋಶಗಳು ಎಟಿಪಿ ಎಂಬ ಇಂಧನದಿಂದ ನಡೆಯುತ್ತವೆ. ಅದು ಬಳಕೆಯಾದಂತೆಲ್ಲ ಹಿಂದೆ ಉಳಿಯುವ ತುಣುಕುಗಳಲ್ಲಿ ಅಡಿನೋಸಿನ್ ಒಂದು. ಎದ್ದ ಗಳಿಗೆಯಿಂದ ಇದು ಗುಡ್ಡೆ ಬೀಳುತ್ತಾ ಹೋಗುತ್ತದೆ. ಎಚ್ಚರ ಕಾಯುವ ಜೀವಕೋಶಗಳ ಮೇಲೆ ಇದಕ್ಕೆಂದೇ ಇರುವ ಗ್ರಾಹಕಗಳೆಂಬ ಜಾಗಗಳಲ್ಲಿ ಕೂತು ಅವುಗಳ ಸದ್ದಡಗಿಸುತ್ತದೆ. ಈ ಗುಡ್ಡೆ ಕರಗುವುದು ನಿದ್ದೆಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು, ಹಾಲು ಕರೆದು ಸೊಸೈಟಿಗೆ ಕೊಟ್ಟು, ಮಕ್ಕಳ ಬುತ್ತಿ ಕಟ್ಟಿ, ಎಂಟಕ್ಕೆ ನಮ್ಮ ಜಗಲಿಗೆ ಬಂದ ಆ ಅಕ್ಕನಿಗೆ ಎರಡೂವರೆಗೆ ಒಂಬತ್ತೂವರೆ ಗಂಟೆಯ ಸಿಪ್ಪೆ ಬಿದ್ದಿತ್ತು. ಹಿಂದಿನ ರಾತ್ರಿ ಮಲಗಿದ್ದು ತಡವಾಗಿದ್ದರೆ ಹಳೆಯ ಸಿಪ್ಪೆಯೂ ಅಲ್ಲೇ ಉಳಿದಿರುತ್ತದೆ.

ಎರಡನೆಯದು ಗಡಿಯಾರದ ಲೆಕ್ಕ. ನಮ್ಮ ತೋಟದ ಬದಿಯಲ್ಲಿ ಬೇಡವೆಂದರೂ ಹಬ್ಬುವ ನಾಚಿಕೆ ಮುಳ್ಳು ರಾತ್ರಿ ಎಲೆ ಮಡಚಿ ಬೆಳಿಗ್ಗೆ ಬಿಡಿಸುವುದನ್ನು ನೋಡದ ಮಕ್ಕಳು ನಮ್ಮೂರಲ್ಲಿಲ್ಲ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೆರಾನ್ ಇಂಥ ಗಿಡವೊಂದನ್ನು ಕತ್ತಲಲ್ಲಿಟ್ಟರು. ಬಿಸಿಲಿನ ಸುಳಿವೇ ಇಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಡಿಸಿತು. ಸಮಯ ಗಿಡದ ಒಳಗೇ ಇತ್ತು. ಮನುಷ್ಯನಲ್ಲಿ ಆ ಗಡಿಯಾರ ಇರುವುದು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗೊಂಚಲಿನಲ್ಲಿ. ಅದು ಒಂದು ಸುತ್ತು ಬರಲು 24 ಗಂಟೆಗಿಂತ ತುಸು ಹೆಚ್ಚೇ ಬೇಕು. ದಿನವೂ ಬೆಳಗಿನ ಬೆಳಕು ಅದನ್ನು ಸರಿ ಮಾಡಿಕೊಡುತ್ತದೆ. ಈ ಗಡಿಯಾರದ ಹಲ್ಲುಚಕ್ರದಂತಿರುವ ವಂಶವಾಹಿಗಳನ್ನು ಹಣ್ಣುನೊಣದಲ್ಲಿ ಹುಡುಕಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಿಕ್ಕಿತು.

ಹಗಲು ಏರಿದಂತೆ ಗಡಿಯಾರ ನಮ್ಮನ್ನು ಎಚ್ಚರದ ಕಡೆಗೆ ತಳ್ಳುತ್ತಾ ಹೋಗುತ್ತದೆ. ಆ ತಳ್ಳು ಜೋರಾಗುವುದು ಸಂಜೆಗೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಸಿಪ್ಪೆಯ ಗುಡ್ಡೆ ಮೊಣಕಾಲೆತ್ತರಕ್ಕೆ ಬಂದಿರುತ್ತದೆ, ಗಡಿಯಾರದ ತಳ್ಳು ಮಾತ್ರ ಅದಕ್ಕೆ ಸರಿಸಾಟಿಯಾಗಿ ಏರಿರುವುದಿಲ್ಲ. ಆ ಸಂದಿನಲ್ಲಿ ಕಣ್ಣು ಎಳೆಯುತ್ತದೆ. ನಾವೆಲ್ಲ ಊಟವನ್ನು ದೂರುತ್ತೇವೆ. ಕುಚ್ಚಲಕ್ಕಿ ಅನ್ನ ಹೊಟ್ಟೆ ತುಂಬ ಉಂಡರೆ ಜೊಂಪು ಜಾಸ್ತಿಯಾಗುವುದು ಹೌದು. ಆದರೆ ಊಟವನ್ನೇ ಕೊಡದೆ ಕೂರಿಸಿದರೂ ಆ ಹೊತ್ತಿಗೆ ಎಚ್ಚರ ಇಳಿಯುತ್ತದೆ. ಅದೇ ಮನುಷ್ಯ ಸಂಜೆ ಆರಕ್ಕೆ, ಇನ್ನೂ ಮೂರು ಗಂಟೆ ಹೆಚ್ಚು ದುಡಿದ ಮೇಲೂ, ಚುರುಕಾಗಿ ಹಟ್ಟಿಗೆ ಹೋಗಿ ಹಾಲು ಕರೆಯುತ್ತಾನೆ. ನಾನು ಪಾಠ ಮಾಡುವ ಶಾಲೆಯಲ್ಲಿ ಮಧ್ಯಾಹ್ನದ ಊಟದ ನಂತರದ ಪಿರಿಯಡ್ಡಿನಲ್ಲಿ ಮಕ್ಕಳು ಆಕಳಿಸಿದರೆ ಈಗ ಗದರುವುದಿಲ್ಲ. ಎದ್ದು ನಿಂತು ಮಾಡುವ ಪ್ರಯೋಗಗಳನ್ನು ಆ ಹೊತ್ತಿಗೆ ಇಟ್ಟುಕೊಂಡಿದ್ದೇನೆ.

"ಒಂದು ಚಾ ಕುಡಿದರೆ ಸರಿಯಾಗ್ತದೆ" ಎನ್ನುತ್ತೇವಲ್ಲ, ಆ ಚಾ ಮಾಡುವುದೇನು? ಕೆಫೀನಿನ ಅಣುವಿಗೂ ಅಡಿನೋಸಿನ್‌ಗೂ ಹೋಲಿಕೆಯಿದೆ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ, ಆದರೆ ಸದ್ದಡಗಿಸುವ ಕೆಲಸ ಮಾಡುವುದಿಲ್ಲ. ಸಿಪ್ಪೆ ಎಲ್ಲಿಗೂ ಹೋಗಿಲ್ಲ, ಅದರ ಮೇಲೆ ಟರ್ಪಾಲು ಹೊದೆಸಿದಂತೆ. ಟರ್ಪಾಲು ತೆಗೆದ ಕೂಡಲೇ ಇಡೀ ಗುಡ್ಡೆ ಕಾಣುತ್ತದೆ. ಕುಡಿದ ಚಾ ಪೂರ್ತಿ ಕೆಲಸಕ್ಕೆ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ. ಸಂಜೆ ಆರಕ್ಕೆ ಕುಡಿದ ಗಟ್ಟಿ ಕಾಫಿಯ ಅರ್ಧಾಂಶ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಅಂದು ರಾತ್ರಿಯ ನಿದ್ದೆ ತೆಳುವಾಗುತ್ತದೆ, ಮರುದಿನ ಮತ್ತೆರಡು ಚಾ ಹೆಚ್ಚು ಬೇಕಾಗುತ್ತದೆ.

ನಮ್ಮ ಕಡೆಯಲ್ಲಿ ಚಾಕ್ಕಿಂತಲೂ ಹಳೆಯ ಇನ್ನೊಂದು ಉಪಾಯವಿದೆ, ಅದನ್ನು ಹೇಳದೆ ಹೋದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಎಲೆ ಅಡಿಕೆ. ಒಂದು ತಾಂಬೂಲ ಬಾಯಿಗೆ ಬಿದ್ದರೆ ಮೈ ಬೆಚ್ಚಗಾಗಿ ಕಣ್ಣು ತೆರೆಯುತ್ತದೆ, ಇದು ಭ್ರಮೆಯಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್, ಮಿದುಳಿನ ಎಚ್ಚರಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂರುವ ಗ್ರಾಹಕಗಳನ್ನೇ ಮೀಟುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಇಲ್ಲದಿದ್ದರೂ ಅಪಾಯ ಅಪಾಯವೇ. ಅಡಿಕೆಯಿಂದಲೇ ಅನ್ನ ಉಣ್ಣುವ ಮನೆಯವನಾಗಿ ಇದನ್ನು ಬರೆಯುವುದು ನನಗೆ ಹಗುರವಲ್ಲ. ಎಚ್ಚರವಿರಲಿಕ್ಕೆಂದು ದಿನವಿಡೀ ಕೆನ್ನೆಯೊಳಗೆ ಅಡಿಕೆ ಇಟ್ಟುಕೊಳ್ಳುವುದನ್ನು ಬಿಡಿ ಎಂದೇ ಹೇಳುತ್ತೇನೆ.

ಗಡಿಯಾರದ ಇನ್ನೊಂದು ತಗ್ಗು ಇದಕ್ಕಿಂತ ಆಳವಾದದ್ದು: ಬೆಳಗಿನ ಜಾವ ಮೂರರಿಂದ ಐದು. ಆ ಹೊತ್ತಿಗೆ ಮೈಯ ಉಷ್ಣತೆ ದಿನದಲ್ಲೇ ಅತಿ ಕೆಳಗಿರುತ್ತದೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದ ನಮಗೆ ಆ ಹೊತ್ತಿನ ಪರಿಚಯ ಆಟ ನೋಡಿಯೇ ಆದದ್ದು. ಇಡೀ ರಾತ್ರಿಯ ಆಟದಲ್ಲಿ ಮಧ್ಯರಾತ್ರಿ ದಾಟಿ ಜನರ ತಲೆ ಒಂದೊಂದಾಗಿ ಬಾಗುವಾಗ ದೂರದಿಂದ ಬಣ್ಣದ ವೇಷದ ಅಬ್ಬರ ಕೇಳುತ್ತಿತ್ತು. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡ ರಕ್ಕಸ, ಸಭೆಯ ನಡುವಿನಿಂದ, ಉರಿಯುವ ತೂಟೆಗಳ ಬೆಳಕಿನಲ್ಲಿ, ರಾಳದ ಬೆಂಕಿ ಭಗ್ಗೆನ್ನುವಾಗ ರಂಗಕ್ಕೆ ನುಗ್ಗುತ್ತಿದ್ದ. ಚಾಪೆಯ ಮೇಲೆ ಉರುಳಿದ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಬೆಳಕು, ಸದ್ದು, ಹೆದರಿಕೆ ಮೂರೂ ಮಿದುಳನ್ನು ಹೊಡೆದೆಬ್ಬಿಸುತ್ತವೆ, ಸರಿ. ಆದರೆ ವೇಷ ರಂಗದಲ್ಲಿ ಕಾಲೂರಿ ಸ್ವಲ್ಪ ಹೊತ್ತಾದರೆ ಮತ್ತೆ ಅದೇ ಮಂಪರು. ಹೊರಗಿನಿಂದ ಬಂದ ಎಚ್ಚರ ಹೊರಗಿನ ಸದ್ದು ಇರುವಷ್ಟು ಹೊತ್ತು ಮಾತ್ರ.

ಇದೇ ಪಾಠವನ್ನು ನಾನು ಕಾರಿನಲ್ಲಿ ಕಲಿತೆ. ಉಪ್ಪಳದ ಹತ್ತಿರ ಆಟ ನೋಡಿ ನಾಲ್ಕು ಗಂಟೆಗೆ ಹೊರಟಿದ್ದೆವು. ಓಡಿಸುತ್ತಿದ್ದವನು ನಾನು, ಹಿಂದಿನ ಸೀಟಿನಲ್ಲಿ ಅತ್ತಿಗೆ, ಮಕ್ಕಳು. ನಿದ್ದೆ ಬರಬಾರದೆಂದು ಗ್ಲಾಸು ಇಳಿಸಿದ್ದೆ, ಹಾಡು ಜೋರಾಗಿ ಹಾಕಿದ್ದೆ. ಬಂದ್ಯೋಡು ಪೇಟೆ ದಾಟಿದ್ದು ನೆನಪಿದೆ. ಆಮೇಲೆ ಎಡಗಡೆಯ ಚಕ್ರ ಜಲ್ಲಿಗೆ ಇಳಿದ ಸದ್ದು, ಅತ್ತಿಗೆಯ ಕೂಗು. ನಡುವೆ ಶಿರಿಯ ಸೇತುವೆ ಬರಬೇಕು. ಅಷ್ಟು ಉದ್ದದ ಸೇತುವೆಯನ್ನು ಯಾವಾಗ ದಾಟಿದೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಇಂಥ ಚುಟುಕು ನಿದ್ದೆ ಕೆಲವೇ ಸೆಕೆಂಡುಗಳದ್ದು. ಕಣ್ಣು ತೆರೆದಿರುವಾಗಲೂ ಬರಬಹುದು. ಗಂಟೆಗೆ 60 ಕಿ.ಮೀ. ವೇಗದ ಕಾರು 3 ಸೆಕೆಂಡಿನಲ್ಲಿ 50 ಮೀಟರ್ ಹೋಗುತ್ತದೆ, ಯಾರೂ ನೋಡದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ ನಿದ್ದೆಗೆಟ್ಟ ಚಾಲಕರನ್ನು ಕೃತಕ ಕಾರಿನಲ್ಲಿ ಕೂರಿಸಿ, ಮುಖಕ್ಕೆ ತಣ್ಣನೆ ಗಾಳಿ ಬಿಟ್ಟು, ರೇಡಿಯೋ ಹಾಕಿಯೂ ನೋಡಿದರು. ಪ್ರಯೋಜನ ಅಲ್ಪ, ಅದೂ ಸ್ವಲ್ಪ ಹೊತ್ತಿನದು. ಕೆಲಸಕ್ಕೆ ಬಂದದ್ದು ಎರಡೇ: ಕೆಫೀನ್, ಮತ್ತು ಕಾಲು ಗಂಟೆಯೊಳಗಿನ ನಿದ್ದೆ. ಎರಡನ್ನೂ ಸೇರಿಸಿದಾಗ ಇನ್ನೂ ಚೆನ್ನಾಗಿ ನಡೆಯಿತು. ಕಾಫಿ ಕುಡಿದ ಕೂಡಲೇ ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಬೇಕು. ಕಾಫಿ ತಲೆಗೆ ಹತ್ತುವ ಹೊತ್ತಿಗೆ ಎಚ್ಚರವಾಗುತ್ತದೆ.

1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಇನ್ನೊಂದು ಲೆಕ್ಕ ಮುಂದಿಟ್ಟರು. 17 ಗಂಟೆ ನಿದ್ದೆಯಿಲ್ಲದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿರುವವರಷ್ಟೇ ಕೆಟ್ಟಿರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 0.03. ಕುಂಬಳೆಯಿಂದ, ಮಂಜೇಶ್ವರದಿಂದ ಮುಂಜಾನೆಯ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಸ್ಟೇಷನ್ನಿನಿಂದ ಬೈಕಿನಲ್ಲಿ ಮನೆಗೆ ಬರುವ ನಮ್ಮ ಹುಡುಗ ಹುಡುಗಿಯರು ಎಷ್ಟು ಗಂಟೆಗೆ ಎದ್ದಿದ್ದರು ಎಂದು ಎಣಿಸಿ ನೋಡಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದವರಿಗೆ ರಾತ್ರಿ ಒಂಬತ್ತೂವರೆಗೆ ಹದಿನೇಳು ಗಂಟೆ ತುಂಬುತ್ತದೆ.

"ನನಗೆ ಅಭ್ಯಾಸ ಆಗಿದೆ" ಎನ್ನುತ್ತಾರೆ ಅವರು. ಆ ಮಾತಿಗೆ ಉತ್ತರ 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬಂತು. ಹಾನ್ಸ್ ವ್ಯಾನ್ ಡಾಂಗನ್ ಮತ್ತು ಡೇವಿಡ್ ಡಿಂಜಸ್ ತಂಡದವರು 14 ದಿನ ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6, ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಆರು ಗಂಟೆ ಮತ್ತು ಅದಕ್ಕಿಂತ ಕಡಿಮೆ ಮಲಗಿದವರ ಗಮನ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಗಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಬಂತು. ಆದರೆ ನಿದ್ದೆ ಎಷ್ಟು ಬರುತ್ತಿದೆ ಎಂದು ಕೇಳಿದರೆ, ಮೊದಲ ಕೆಲವು ದಿನ ಹೆಚ್ಚು ಎಂದವರು ಆಮೇಲೆ ಹೆಚ್ಚುಕಡಿಮೆ ಅದೇ ಉತ್ತರ ಕೊಡುತ್ತಾ ಹೋದರು. ಕುಸಿತ ಮುಂದುವರಿದಿತ್ತು, ಅದರ ಅರಿವು ನಿಂತುಹೋಗಿತ್ತು. ಅಭ್ಯಾಸವಾದದ್ದು ನಿದ್ದೆಗೇಡಿಗಲ್ಲ, ಮಂಕು ಕವಿದ ತಲೆಗೆ. "ಕೈ ಜಾರಿದ್ದು" ಎಂದ ಅಕ್ಕನ ಮಾತು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಹಾಗಾದರೆ ಹಗಲು ಮಾಡಬಹುದಾದದ್ದೇನು? ನಮ್ಮ ಹಿರಿಯರ "ಸ್ವಲ್ಪ ಅಡ್ಡಾಗುವುದು" ಎಲ್ಲಕ್ಕಿಂತ ಒಳ್ಳೆಯದು, ಹೊತ್ತು ಅಳೆದರೆ. ನಾಸಾದವರು ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಲ್ಲಿ 40 ನಿಮಿಷ ಬಿಡುವು ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ಬಿಡುವಿಲ್ಲದೆ ಹಾರಿದವರಿಗೆ ವಿಮಾನ ಕೆಳಗಿಳಿಸುವ ಹೊತ್ತಿನಲ್ಲೂ ಚುಟುಕು ನಿದ್ದೆ ಬಂದಿತ್ತು. ಮಲಗಿ ಎದ್ದವರಿಗೆ ಆ ಹೊತ್ತಿನಲ್ಲಿ ಬರಲಿಲ್ಲ. ಅರ್ಧ ಗಂಟೆ ದಾಟಿದರೆ ಮಿದುಳು ಗಾಢ ನಿದ್ದೆಗೆ ಇಳಿಯುತ್ತದೆ, ಅಲ್ಲಿಂದ ಎಬ್ಬಿಸಿದರೆ ತಲೆ ಭಾರ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡುವುದು, ಎದ್ದ ಮೇಲೆ ಹತ್ತು ಹದಿನೈದು ನಿಮಿಷ ಕತ್ತಿ, ಯಂತ್ರ, ಸ್ಟೇರಿಂಗ್ ಮುಟ್ಟದಿರುವುದು. ಜೊತೆಗೆ ನೀರು. ಮಾರ್ಚಿನ ಬೆವರಿನಲ್ಲಿ ಮೈತೂಕದ ನೂರಕ್ಕೆ ಎರಡು ಪಾಲು ನೀರು ಹೋದರೂ ಗಮನ ಕೆಡುತ್ತದೆ. 50 ಕಿಲೋ ತೂಗುವವರಿಗೆ ಅದು ಒಂದೇ ಲೀಟರ್. ಇನ್ನು, ರಾತ್ರಿ ಏಳೆಂಟು ಗಂಟೆ ಮಲಗಿಯೂ ಹಗಲು ಕೂತಲ್ಲೇ ಜೊಂಪು ಹತ್ತುವವರು, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವವರು ಡಾಕ್ಟರನ್ನು ಕಾಣಬೇಕು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಗೆ ಚಿಕಿತ್ಸೆಯಿದೆ. ರಕ್ತಹೀನತೆಯೂ ಹೀಗೆ ಸುಸ್ತು ಮಾಡುತ್ತದೆ, ಅದಕ್ಕೂ ಮದ್ದಿದೆ.

ನಮ್ಮ ಜಗಲಿಯಲ್ಲಿ ಈಗ ಊಟವಾದ ಮೇಲೆ ಕತ್ತಿಯ ಮಣೆಗಳನ್ನು ಗೋಡೆಗೆ ಒರಗಿಸಿ ಇಡುತ್ತೇವೆ. ಇಪ್ಪತ್ತು ನಿಮಿಷ ಎಲ್ಲರೂ ಚಾಪೆ ಹಾಸಿ ಅಡ್ಡಾಗುತ್ತಾರೆ. ಆಮೇಲೆ ಮೂರೂವರೆಯವರೆಗೆ ಆರಿಸುವ ಕೆಲಸ: ಒಳ್ಳೆಯದು ಒಂದು ಕಡೆ, ಕೆಳದರ್ಜೆಯ ಪಟೋರ ಒಂದು ಕಡೆ, ಕೋಕ ಒಂದು ಕಡೆ. ಕಿಲೋ ಲೆಕ್ಕದಲ್ಲಿ ಅವರಿಗೆ ನಷ್ಟವಾಗಬಾರದೆಂದು ಆ ಹೊತ್ತಿಗೆ ಗಂಟೆಯ ಕೂಲಿ. ಮೊದಲ ವಾರ ಅಕ್ಕ ಮಲಗಲು ಒಪ್ಪಲಿಲ್ಲ, "ದುಡಿಯಲಿಕ್ಕೆ ಬಂದವಳು ಮಲಗುವುದೆಂತ" ಎಂದು ಕಂಬಕ್ಕೆ ಒರಗಿ ಕೂತೇ ಇದ್ದರು. ಎರಡನೆಯ ವಾರ ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿದರು. ಅಲಾರಂ ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ನಾನೇ ಹೋಗಿ, ಹೊಲಿಗೆಯ ಗುರುತಿದ್ದ ಕೈ ಮುಟ್ಟಿ ಎಬ್ಬಿಸಿದೆ.