ಗ್ಲುಟನ್ ಬಿಟ್ಟಿರಿ, ಸರಿ. ಉಳಿದದ್ದನ್ನೆಲ್ಲ ಯಾಕೆ ಬಿಟ್ಟಿರಿ?

ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ದೇಹದ ರೋಗನಿರೋಧಕ ಶಕ್ತಿಯೇ ಕೆರಳಿ ಸಣ್ಣ ಕರುಳನ್ನು ಹಾಳುಮಾಡುವ ಕಾಯಿಲೆ. ಈ ಕಾಯಿಲೆಯವರಲ್ಲಿ ಒಂದು ಗುಂಪಿದೆ. ಅವರು ಆಹಾರತಜ್ಞೆಯಾದ ನನ್ನ ಕೋಣೆಗೆ ಬರುವಾಗಲೇ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಏನು ತಿನ್ನುತ್ತೇವೆ ಅನ್ನುವ ಪಟ್ಟಿಯಲ್ಲ, ಏನೇನು ಬಿಟ್ಟಿದ್ದೇವೆ ಅನ್ನುವುದು. ಮೊದಲ ಸಾಲಿನಲ್ಲಿ ಗೋಧಿ, ಬಾರ್ಲಿ, ರೈ. ಸರಿಯೇ, ಬಿಡಲೇಬೇಕು. ಅದರ ಕೆಳಗೆ ಹಾಲು. ಆಮೇಲೆ ಮೊಟ್ಟೆ, ಟೊಮೆಟೊ, ಈರುಳ್ಳಿ, ಕಾಳು, ಕಾಫಿ, ಜೋಳ. "ಗ್ಲುಟನ್ ಬಿಟ್ಟು ಮೂರು ತಿಂಗಳಾಯ್ತು ಮೇಡಂ, ಇನ್ನೂ ಹೊಟ್ಟೆ ಸರಿಹೋಗಿಲ್ಲ. ಅದಕ್ಕೇ ಒಂದೊಂದೇ ಬಿಡ್ತಾ ಬಂದೆ. ಈಗ ಇನ್ನೇನು ಬಿಡಲಿ?"

ಏನೂ ಬಿಡಬೇಡಿ ಮಾರಾಯ್ರೇ. ಮೊದಲು ಕೂತ್ಕೊಳ್ಳಿ.

ಸಿಟ್ಟು ಅವರ ಮೇಲಲ್ಲ. ಇಷ್ಟು ಶಿಸ್ತಿನ ರೋಗಿಗಳು ಬೇರೆ ಯಾವ ಕಾಯಿಲೆಯಲ್ಲೂ ನನಗೆ ಸಿಗುವುದಿಲ್ಲ. ಆದರೆ ಆ ಶಿಸ್ತೆಲ್ಲ ತಪ್ಪು ಕಡೆಗೆ ಹರಿಯುತ್ತಿರುತ್ತದೆ. ಮೊದಲೇ ಸೊರಗಿದ ದೇಹ, ಅದರ ಮೇಲೆ ಊಟದಲ್ಲಿ ಉಳಿದಿರುವುದು ನಾಲ್ಕೇ ಪದಾರ್ಥ. ಮಾಯಬೇಕಾದ ಕರುಳಿಗೆ ಪ್ರೋಟೀನ್, ಕಬ್ಬಿಣ, ಸತು ಎಲ್ಲಿಂದ ಬರಬೇಕು?

ಇದರ ಬೇರು ಒಂದೇ ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಗ್ಲುಟನ್ ನಿಂತ ದಿನವೇ ವಾಸಿಯಾಗುವುದು ಶುರು, ಕೆಲವು ವಾರಕ್ಕೆ ಮುಗಿಯಿತು ಅಂತ ಜನ ನಂಬಿರುತ್ತಾರೆ. ಮುಗಿಯದಿದ್ದರೆ ಬೇರೆ ಯಾವುದೋ ಪದಾರ್ಥ ಕೈಕೊಡುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ನಿಜಕ್ಕೂ ಇಲ್ಲಿ ಮೂರು ಸಂಗತಿಗಳು ನಡೆಯುತ್ತಿರುತ್ತವೆ, ಮೂರರ ವೇಗವೂ ಬೇರೆ ಬೇರೆ.

ಮೊದಲನೆಯದು ನಿಮಗೆ ಹೇಗನ್ನಿಸುತ್ತಿದೆ ಅನ್ನುವುದು. ಭೇದಿ, ಉಬ್ಬರ, ಸುಸ್ತು. ಇದು ಕೆಲವರಿಗೆ ದಿನಗಳಲ್ಲಿ, ಹೆಚ್ಚಿನವರಿಗೆ ವಾರಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಎರಡನೆಯದು ರಕ್ತದಲ್ಲಿರುವ ಟಿಟಿಜಿ ಆಂಟಿಬಾಡಿ, ಅಂದರೆ ಸೀಲಿಯಾಕ್ ಪತ್ತೆಗೆ ರಕ್ತಪರೀಕ್ಷೆಯಲ್ಲಿ ನೋಡುವ ಅಂಶ. ಅದು ತಿಂಗಳುಗಟ್ಟಲೆ ಇಳಿಯುತ್ತದೆ. ಶುರುವಿನಲ್ಲಿ ತುಂಬಾ ಜಾಸ್ತಿ ಇದ್ದವರಿಗೆ ಒಂದು ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಮೂರನೆಯದು ಸಣ್ಣ ಕರುಳಿನ ಒಳಗೋಡೆ. ಅಲ್ಲಿನ ವಿಲ್ಲೈ ಎಂಬ ಬೆರಳಿನಂಥ ಚಾಚುಗಳು ಚಪ್ಪಟೆಯಾಗಿರುತ್ತವಲ್ಲ, ಅವು ಮತ್ತೆ ಎದ್ದು ನಿಲ್ಲಬೇಕು. ದೊಡ್ಡವರಲ್ಲಿ ಇದಕ್ಕೆ ವರ್ಷಗಳೇ ಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೆ ಕರುಳು ಮಾಯ್ದಿದ್ದು ಶೇ. 34 ಮಂದಿಗೆ. ಐದು ವರ್ಷಕ್ಕೆ ಶೇ. 66 ಮಂದಿಗೆ. ಈ ಅಂಕಿ ಹೇಳಿದಾಗ ಎದುರಿಗಿದ್ದವರ ಮುಖ ಬಾಡುತ್ತದೆ. ನಾನು ಹೇಳುವುದು ಹೆದರಿಸಲಿಕ್ಕಲ್ಲ. ಮೂರು ತಿಂಗಳಿಗೆ ಸರಿಹೋಗದಿರುವುದು ನಿಮ್ಮ ತಪ್ಪಲ್ಲ, ಕರುಳು ಮಾಯದಿರುವುದಕ್ಕೆ ಹಾಲೋ ಮೊಟ್ಟೆಯೋ ಕಾರಣವೂ ಅಲ್ಲ ಅಂತ ತಿಳಿಸಲಿಕ್ಕೆ.

ಕಾಲು ಮುರಿದವರು ಪ್ಲಾಸ್ಟರ್ ಹಾಕಿಸಿಕೊಂಡು ವಾರಗಟ್ಟಲೆ ಸುಮ್ನೆ ಕಾಯುತ್ತಾರೆ, ನೋವು ಹೋಯಿತು ಅಂತ ನಾಲ್ಕನೇ ದಿನ ಓಡುವುದಿಲ್ಲ. ಕರುಳು ಕಣ್ಣಿಗೆ ಕಾಣುವುದಿಲ್ಲ ನೋಡಿ, ಅದಕ್ಕೆ ಅಷ್ಟೂ ಪುರುಸೊತ್ತು ಕೊಡುವುದಿಲ್ಲ.

ಸ್ವಲ್ಪ ಓದಿಕೊಂಡು ಬಂದವರದ್ದು ಇನ್ನೊಂದು ಪ್ರಶ್ನೆ. ಕರುಳಿನ ಮೇಲ್ಪದರದ ಕೋಶಗಳು ಮೂರರಿಂದ ಐದು ದಿನಕ್ಕೆ ಹೊಸದಾಗುತ್ತವಂತೆ, ಹಾಗಾದರೆ ವಾರದಲ್ಲೇ ಎಲ್ಲ ಸರಿಯಾಗಬೇಕಲ್ವಾ? ಒಳ್ಳೆಯ ಪ್ರಶ್ನೆ. ಕೋಶ ಹೊಸದಾಗುತ್ತದೆ, ನಿಜ. ಆದರೆ ಅದು ಹುಟ್ಟುವ ಜಾಗದಲ್ಲಿ ಉರಿಯೂತ ಇನ್ನೂ ಇದೆ. ಗ್ಲುಟನ್ ಕಂಡು ಕೆರಳಿ ಮೇಲ್ಪದರದೊಳಗೆ ನುಗ್ಗಿ ಕೂತ ರೋಗನಿರೋಧಕ ಕೋಶಗಳು ಗ್ಲುಟನ್ ನಿಂತ ತಕ್ಷಣ ಜಾಗ ಖಾಲಿ ಮಾಡುವುದಿಲ್ಲ. ಹೊಸ ಕೋಶಗಳು ಬೇಗ ಬೇಗ ಹುಟ್ಟಿ, ಬಲಿಯುವ ಮೊದಲೇ ಉದುರುತ್ತಿರುತ್ತವೆ. ಉರಿಯೂತ ತಣಿಯುತ್ತಾ ಹೋದ ಹಾಗೆ ಚಾಚುಗಳು ಉದ್ದವಾಗುತ್ತವೆ. ಅದಕ್ಕೆ ಅಡ್ಡದಾರಿ ಇಲ್ಲ.

ಮಕ್ಕಳಲ್ಲಿ ಮಾತ್ರ ಇದೆಲ್ಲ ಚುರುಕು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅವರ ಕತೆ ಕೇಳಿರಬಹುದು. 1944–45ರ ಬರಗಾಲದಲ್ಲಿ ಬ್ರೆಡ್ ಸಿಗದೆ ಹೋದಾಗ ಅವರ ಪುಟ್ಟ ರೋಗಿಗಳು ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ಡಿಕ್ಕೆ ಅವರಿಗೆ ಗೋಧಿಯ ಮೇಲೆ ಅನುಮಾನ ಮೊದಲೇ ಇತ್ತು. 1950ರ ತಮ್ಮ ಪ್ರಬಂಧದಲ್ಲಿ ಅದನ್ನು ಬರೆದಿಟ್ಟರು. ಗ್ಲುಟನ್ ಬಿಟ್ಟರೆ ಜಾದೂ ಆಗುತ್ತದೆ ಅನ್ನುವ ನಂಬಿಕೆ ಹೆಚ್ಚಾಗಿ ಹುಟ್ಟುವುದು ಇಂಥ ಮಕ್ಕಳ ಕತೆಗಳಿಂದ. ಐವತ್ತು ದಾಟಿದ ಮೇಲೆ ಕಾಯಿಲೆ ಪತ್ತೆಯಾದವರು ಎಂಟು ವರ್ಷದ ಹುಡುಗನ ಜೊತೆ ಹೋಲಿಸಿಕೊಂಡು ಕೊರಗಬಾರದು.

ಹಾಗಂತ ಎಲ್ಲರಿಗೂ "ಕಾಯಿರಿ" ಅಂತ ಹೇಳಿ ಕಳಿಸುವುದೂ ಅಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಗುರುತಿಸುವಷ್ಟು ಸುಧಾರಣೆ ಕಾಣದಿದ್ದರೆ ಹುಡುಕಬೇಕು. ಹುಡುಕುವಾಗ ಮೊದಲ ಅನುಮಾನ ಗ್ಲುಟನ್ ಮೇಲೆಯೇ. ನಿಮಗೆ ಗೊತ್ತಿಲ್ಲದೆ ಒಳಗೆ ಹೋಗುತ್ತಿರುವ ಗ್ಲುಟನ್.

ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ಲೆಕ್ಕದ ಮೇಷ್ಟ್ರು, ತಿಂದದ್ದನ್ನೆಲ್ಲ ಗೆರೆ ಎಳೆದ ಪುಸ್ತಕದಲ್ಲಿ ಸಮಯದ ಸಮೇತ ಬರೆಯುವವರು. ಹಾಲು ಬಿಟ್ಟಿದ್ದರು, ಹಣ್ಣು ಬಿಟ್ಟಿದ್ದರು. ಟಿಟಿಜಿ ಮಾತ್ರ ಅಲ್ಲೇ ನಿಂತಿತ್ತು. ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಒಂದೇ ಸಾಲು: ಕಾರ್ನ್‌ಫ್ಲೇಕ್ಸ್. ಡಬ್ಬದ ಫೋಟೋ ಇದೆಯಾ ಅಂದೆ. ಫೋನ್ ತೆಗೆದು ತೋರಿಸಿದರು. ಮುಂದೆ ದೊಡ್ಡದಾಗಿ ಮೆಕ್ಕೆಜೋಳದ ಚಿತ್ರ. ಹಿಂದಿನ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಮೆಕ್ಕೆಜೋಳ, ಸಕ್ಕರೆ, ಉಪ್ಪು, ಅದರ ಪಕ್ಕದಲ್ಲೇ ಮಾಲ್ಟ್ ಎಕ್ಸ್‌ಟ್ರಾಕ್ಟ್. ಸಾಮಾನ್ಯವಾಗಿ ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ. "ಆದರೆ ಗೋಧಿ ಇಲ್ಲವಲ್ಲ!" ಅಂದರು ಮೇಷ್ಟ್ರು. ಇಲ್ಲ ಸರ್, ಗೋಧಿ ಇಲ್ಲ. ಬಾರ್ಲಿ ಇದೆ. ಗೋಧಿ ಇಲ್ಲ ಅಂದ ಮಾತ್ರಕ್ಕೆ ಗ್ಲುಟನ್ ಇಲ್ಲ ಅಂತ ಅಲ್ಲ. ಅವರು ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ತಮ್ಮ ಪುಸ್ತಕದ ಮೇಲೆಯೇ ಸಿಟ್ಟು ಮಾಡಿಕೊಂಡರು.

ಎಷ್ಟು ಗ್ಲುಟನ್ ಹೋದರೆ ತೊಂದರೆ? ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ 90 ದಿನ ಕೊಟ್ಟಾಗ ಕರುಳಿಗೆ ಪೆಟ್ಟು ಬಿದ್ದಿತ್ತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಾಗುವ ಸಾಧ್ಯತೆ ಕಡಿಮೆ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೆ ಎಲ್ಲರ ದೇಹವೂ ಒಂದೇ ಅಲ್ಲ. ಒಂದು ಬ್ರೆಡ್ ತುಂಡಿನಲ್ಲಿ ಸುಮಾರು 2 ಗ್ರಾಂ ಗ್ಲುಟನ್ ಇರುತ್ತದೆ. 10 ಮಿಲಿಗ್ರಾಂ ಅಂದರೆ ಅದರ ಇನ್ನೂರರಲ್ಲಿ ಒಂದು ಪಾಲು. ತಟ್ಟೆಯ ಅಂಚಿನಲ್ಲಿ ಉಳಿಯುವ ಪುಡಿಯಷ್ಟು. ಪಾಸ್ತಾ ಬಸಿದ ಜರಡಿ, ಹಿಟ್ಟಿನಲ್ಲಿ ಅದ್ದಿದ್ದನ್ನು ಕರಿದ ಎಣ್ಣೆ, ಎಲ್ಲರೂ ಕೈಹಾಕುವ ಬೆಣ್ಣೆ ಡಬ್ಬಿ ಇವುಗಳ ಬಗ್ಗೆ ನಾವು ತಲೆ ತಿನ್ನುವುದು ಇದಕ್ಕೇ. "ಗ್ಲುಟನ್ ಫ್ರೀ" ಅಂತ ಬರೆಯಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂಥದ್ದನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ 10 ಮಿಲಿಗ್ರಾಂ ದಾಟುವುದಿಲ್ಲ. ಹಾಗಾಗಿ ಆ ಲೇಬಲ್ ನೋಡಿ ಹೆದರುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ. ಟಿಟಿಜಿ ನಾರ್ಮಲ್ ಬಂದರೆ ಖುಷಿಪಡಿ, ಆದರೆ ಅದು ಕರುಳು ಪೂರ್ತಿ ಮಾಯ್ದಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಆಗೊಮ್ಮೆ ಈಗೊಮ್ಮೆ ಚೂರುಪಾರು ಗ್ಲುಟನ್ ಹೋದರೆ ಆ ಪರೀಕ್ಷೆಯಲ್ಲಿ ಕಾಣದೆಯೂ ಇರಬಹುದು. ಮತ್ತೆ ಎಂಡೋಸ್ಕೋಪಿ ಬೇಕೇ ಅನ್ನುವುದು ನಿಮ್ಮ ಹೊಟ್ಟೆ ವೈದ್ಯರು ತೀರ್ಮಾನಿಸಬೇಕಾದ್ದು.

ಇನ್ನು ಹಾಲಿನ ವಿಷಯ. ಇಲ್ಲಿ ರೋಗಿಗಳ ಅನುಮಾನದಲ್ಲಿ ಅರ್ಧ ಸತ್ಯ ಇದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ವಿಲ್ಲೈಗಳ ತುದಿಯ ಕಡೆ. ಚಾಚು ಸವೆದರೆ ಮೊದಲು ಹೋಗುವುದೇ ಅದು, ಮರಳಿ ಬರುವುದೂ ತಡ. ಅಲ್ಲಿಯವರೆಗೆ ಹಾಲು ಕುಡಿದರೆ ಉಬ್ಬರ, ಭೇದಿ ಆಗಬಹುದು. ಸ್ವಲ್ಪ ಕಾಲ ಕಡಿಮೆ ಮಾಡಿ, ಲ್ಯಾಕ್ಟೋಸ್ ಇಲ್ಲದ ಹಾಲು ಕುಡಿಯಿರಿ. ಮೊಸರು ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ಇದು ತಾತ್ಕಾಲಿಕ. ಕೆಲವು ತಿಂಗಳ ನಂತರ ಮತ್ತೆ ಸ್ವಲ್ಪ ಸ್ವಲ್ಪ ಶುರುಮಾಡಿ ನೋಡಬೇಕು. ಜನ ಮಾಡುವುದೇನು? ಹಾಲು ಕಾಯಂ ಬಂದ್, ಮೊಸರೂ ಬಂದ್. ಸೀಲಿಯಾಕ್‌ನಲ್ಲಿ ಮೂಳೆ ಮೊದಲೇ ಸೊರಗಿರುತ್ತದೆ. ಮೇಲಿಂದ ಕ್ಯಾಲ್ಸಿಯಂ ಕೂಡ ಕಡಿದು ಹಾಕಿದರೆ ಹೇಗೆ?

ಹೊಟ್ಟೆ ಸರಿಯಾಗಿದೆ, ಸುಸ್ತು ಹೋಗಿಲ್ಲ ಅನ್ನುವವರಿಗೆ ನಾನು ಊಟದ ಬಗ್ಗೆ ಕೇಳುವ ಮೊದಲು ರಕ್ತಪರೀಕ್ಷೆ ಕೇಳುತ್ತೇನೆ. ಕಬ್ಬಿಣ ಹೀರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಜಾಸ್ತಿ ಹಾಳುಮಾಡುವುದೂ ಅದನ್ನೇ. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಫೋಲೇಟ್, ವಿಟಮಿನ್ ಡಿ, ಜೊತೆಗೆ ಥೈರಾಯ್ಡ್. ಥೈರಾಯ್ಡ್ ಯಾಕೆ ಅಂದರೆ ಅದರ ಆಟೋಇಮ್ಯೂನ್ ತೊಂದರೆ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗದ ಮೇಲೆ ದಾಳಿ ಮಾಡುವುದು) ಸೀಲಿಯಾಕ್ ಜೊತೆ ಆಗಾಗ ಜೋಡಿಯಾಗಿ ಬರುತ್ತದೆ. ಮೊದಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಕರುಳು ಸುಧಾರಿಸಿದಂತೆ ಡೋಸ್ ಬದಲಿಸಬೇಕಾಗಿ ಬರಬಹುದು. ಅದನ್ನು ನೀವೇ ಮಾಡಿಕೊಳ್ಳಬೇಡಿ.

ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. ಭೇದಿ ನಿಂತು ಮಲಬದ್ಧತೆ ಶುರುವಾಗಿತ್ತು. ಹೊಟ್ಟೆ ಕಲ್ಲಿನ ಹಾಗೆ. ಗ್ಲುಟನ್ ಎಲ್ಲಿಂದಲೋ ಹೋಗ್ತಿದೆ ಅಂತ ಅವಳಿಗೆ ಖಾತ್ರಿ. ಅಮ್ಮನ ಜೊತೆ ಜಗಳ, ಅಡುಗೆಮನೆಯಲ್ಲಿ ಎರಡು ಗಡಿ. ದಿನಪೂರ್ತಿ ತಿನ್ನುತ್ತಿದ್ದದ್ದು ಗ್ಲುಟನ್ ಫ್ರೀ ಬಿಸ್ಕತ್ತು, ಗ್ಲುಟನ್ ಫ್ರೀ ಬ್ರೆಡ್, ಗ್ಲುಟನ್ ಫ್ರೀ ಕೇಕ್. ಬಹುಪಾಲು ಇವೆಲ್ಲ ಅಕ್ಕಿ ಹಿಟ್ಟು, ಪಿಷ್ಟ, ಸಕ್ಕರೆ, ಕೊಬ್ಬು. ನಾರು ಹೆಸರಿಗೆ ಮಾತ್ರ. ಅವಳಿಗೆ ಬೇಕಿದ್ದದ್ದು ತರಕಾರಿ, ಕಾಳು, ನೀರು. ಅಂದರೆ ಅವಳು ಬಿಟ್ಟಿದ್ದನ್ನೇ ಮರಳಿ ಸೇರಿಸುವುದು. ಅಮ್ಮನಿಗೆ ಸಮಾಧಾನ ಆಗಲಿಕ್ಕೆ ಇನ್ನೂ ಸ್ವಲ್ಪ ಟೈಮ್ ಹಿಡಿಯಿತು.

ಇಷ್ಟೆಲ್ಲ ಆದರೂ ಸರಿಹೋಗದವರು ಇದ್ದಾರೆ. ಅದು ನನ್ನೊಬ್ಬಳ ಕೆಲಸವಲ್ಲ, ವೈದ್ಯರ ಬಳಿ ಹೋಗಬೇಕು. ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿರಬಹುದು. ಮೇದೋಜೀರಕ ಗ್ರಂಥಿಯ ರಸ ಸಾಲದೆ ಇರಬಹುದು. ದೊಡ್ಡ ಕರುಳಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಉರಿಯೂತ ಇರಬಹುದು. ಜೊತೆಗೆ ಐಬಿಎಸ್, ಅಂದರೆ ಕರುಳಿಗೆ ಪೆಟ್ಟಿಲ್ಲದೆಯೂ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ತೊಂದರೆ, ಇರಬಹುದು. ಬಿಪಿಗೆ ಕೊಡುವ ಓಲ್ಮೆಸಾರ್ಟನ್ ಎಂಬ ಮಾತ್ರೆ ಅಪರೂಪಕ್ಕೆ ಸೀಲಿಯಾಕ್‌ನಂತೆಯೇ ಕರುಳನ್ನು ಸವೆಸುತ್ತದೆ. ಹಾಗಂತ ಓದಿದ ಕೂಡಲೇ ಮಾತ್ರೆ ನಿಲ್ಲಿಸಬೇಡಿ, ಕೇಳಿ. ಮೊದಲ ರೋಗನಿರ್ಣಯವೇ ಸರಿಯಿತ್ತೇ ಅಂತಲೂ ಹಿಂತಿರುಗಿ ನೋಡುತ್ತಾರೆ. ಎಲ್ಲ ಮುಗಿದ ಮೇಲೆ ಉಳಿಯುವ ಹೆಸರು ರಿಫ್ರಾಕ್ಟರಿ ಸೀಲಿಯಾಕ್. ಅಂತರ್ಜಾಲದಲ್ಲಿ ಎಲ್ಲರೂ ಮೊದಲು ಓದುವುದು ಅದನ್ನೇ, ಆದರೆ ಅದು ತೀರಾ ವಿರಳ. ಕಟ್ಟುನಿಟ್ಟಾಗಿ ಒಂದು ವರ್ಷ ಗ್ಲುಟನ್ ಬಿಟ್ಟ ಮೇಲೂ ಕರುಳು ಚಪ್ಪಟೆಯಾಗಿಯೇ ಇದ್ದು, ಬೇರೆ ಕಾರಣಗಳೂ ಸಿಗದಿದ್ದಾಗ ಮಾತ್ರ ಆ ಮಾತು.

ಕಾಯಬಾರದ ಸಂದರ್ಭಗಳೂ ಇವೆ. ಸುಧಾರಿಸಿದ ಮೇಲೆ ಮತ್ತೆ ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಡದ ಹೊಟ್ಟೆನೋವು. ಇವುಗಳಲ್ಲಿ ಯಾವುದಿದ್ದರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

"ಸ್ವಲ್ಪ ಬ್ರೆಡ್ ತಿಂದು ನೋಡ್ತೀನಿ, ಏನೂ ಆಗದಿದ್ದರೆ ಸರಿಯಾಗಿದೆ ಅಂತ ತಾನೇ?" ಅನ್ನುವವರಿಗೆ: ಇಲ್ಲ. ಏನೂ ಅನ್ನಿಸದೆಯೇ ಕರುಳು ಸವೆಯುವವರು ಬೇಕಾದಷ್ಟು ಜನ ಇದ್ದಾರೆ.

ಬಿಟ್ಟದ್ದನ್ನು ವಾಪಸ್ ತರುವಾಗ ಒಂದೇ ಸಲ ಎಲ್ಲ ಬೇಡ. ಒಂದು ಪದಾರ್ಥ, ಸಣ್ಣ ಪ್ರಮಾಣ, ಎರಡು ಮೂರು ದಿನ, ಆಮೇಲೆ ಇನ್ನೊಂದು. ಮೊಟ್ಟೆ, ಕಾಳು ಮೊದಲು ಬರಲಿ, ಪ್ರೋಟೀನ್ ಅಲ್ಲಿದೆ. ಪ್ಯಾಕೆಟ್‌ಗಳ ಹಿಂಬದಿಯ ಫೋಟೋ, ನುಂಗುವ ಮಾತ್ರೆ ಟಾನಿಕ್‌ಗಳ ಹೆಸರು ಬರುವಾಗ ತನ್ನಿ. ಓಟ್ಸ್ ಕೊನೆಗೆ ಇಟ್ಟುಕೊಳ್ಳಿ. ಸಾಮಾನ್ಯ ಓಟ್ಸ್‌ನಲ್ಲಿ ಹೊಲದಿಂದ ಕಾರ್ಖಾನೆಯವರೆಗೆ ಎಲ್ಲಾದರೂ ಗೋಧಿ, ಬಾರ್ಲಿ ಬೆರೆತಿರುತ್ತದೆ. ಗ್ಲುಟನ್ ಫ್ರೀ ಲೇಬಲ್ ಇರುವುದು ಹೆಚ್ಚಿನವರಿಗೆ ಆಗುತ್ತದೆ. ಕೆಲವೇ ಕೆಲವರಿಗೆ ಅದೂ ಆಗುವುದಿಲ್ಲ. ಹೊಟ್ಟೆ ಒಂದು ಹದಕ್ಕೆ ಬಂದು, ಟಿಟಿಜಿ ಇಳಿದ ಮೇಲೆ ಶುರುಮಾಡಿದರೆ, ಏನಾದರೂ ಏರುಪೇರಾದಾಗ ಅದು ಓಟ್ಸ್‌ನಿಂದಲೇ ಅಂತ ನಿಮಗೂ ನನಗೂ ಗೊತ್ತಾಗುತ್ತದೆ.